ಐವತ್ತು ಅಡಿಯ ದೀಪ

ಹನ್ನೊಂದಕ್ಕೆ ಬರುತ್ತೇನೆಂದ ಮನುಷ್ಯನಿಗಾಗಿ ರಂಗೂಬಾಯಿ ಎಂಟು ಗಂಟೆಗೇ ಒಳ್ಳೆಯ ಸೀರೆ ಉಟ್ಟು ಕೂತಿದ್ದಳು. ಉಟ್ಟ ಮೇಲೆ, ಇದು ತೀರ ಒಳ್ಳೆಯದಾಯಿತು, ಮದುವೆಗೆ ಹೊರಟವಳ ಹಾಗೆ ಕಾಣುತ್ತೇನೆ, ತಪ್ಪು ಮಾಡಿದವರು ಇಷ್ಟು ಇಸ್ತ್ರಿಯಾಗಿ ಕೂಡಬಾರದು ಎನಿಸಿ ಹಳೆಯದನ್ನು ಉಟ್ಟಳು. ಹಳೆಯದು ತೀರ ಹಳೆಯದು. ಮಗ ಮುದುಕಿಯನ್ನು ಸರಿಯಾಗಿ ನೋಡಿಕೊಳ್ಳುವುದಿಲ್ಲವೆಂದು ಬಂದವನು ತಿಳಿದಾನು ಎಂದು ಮತ್ತೆ ಮೊದಲಿನದನ್ನೇ ಉಟ್ಟಳು. ಈಗ ಬಾಲ್ಕನಿಯಲ್ಲಿ ಪೇಪರು ಹಾಸಿ ಒಂದು ರಾಶಿ ಮಟಾರು, ಹಸಿ ಬಟಾಣಿ, ಸುರಿದುಕೊಂಡು ಕಾಳು ಬಿಡಿಸುತ್ತಿದ್ದಳು. ಏಳನೆಯ ಮಹಡಿಯಿಂದ ವಿಶ್ರಾಂತವಾಡಿಯ ರಸ್ತೆ ಜನವರಿಯ ಮಬ್ಬಿನಲ್ಲಿ ಹಾಲು ಚೆಲ್ಲಿದಂತೆ ಕಾಣುತ್ತಿತ್ತು. ಲೋಹಗಾಂವದ ಕಡೆಯಿಂದ ವಿಮಾನವೊಂದು ಎದ್ದಾಗ ಕಿಟಕಿಯ ಗಾಜು ಗುಂಯ್ ಎಂದಿತು. ಮಗ ವಿಮಾನ ಹಾರಿಸುವವನಾದ ಮೇಲೆ ಆಕಾಶದಲ್ಲಿ ಹೋಗುವುದೆಲ್ಲ ತನ್ನ ಹಿತ್ತಲಿನ ಕೋಳಿ ಎನ್ನುವ ಹಾಗೆ ಅವಳು ತಲೆ ಎತ್ತಿ ನೋಡುತ್ತಿದ್ದಳು. ಐದು ದಿನದಿಂದ ಮಾತ್ರ ಆ ಸದ್ದು ಬಂದಾಗ ತಲೆ ತಗ್ಗಿಸುತ್ತಿದ್ದಳು, ಜಗಳವಾಡಿದವರು ಎದುರಿಗೆ ಬಂದ ಹಾಗೆ.

ಒಳಗೆ ವಿಕಾಸ ಎದ್ದಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಸೊಸೆ ಶರ್ವರಿ ಏಳಕ್ಕೇ ಹಿಂಜವಾಡಿಯ ಕಂಪನಿ ಗಾಡಿ ಹತ್ತಿ ಹೋಗಿದ್ದಳು. ಇದ್ದವರು ಇಬ್ಬರೇ, ತಾಯಿ ಮತ್ತು ಕ್ಯಾಪ್ಟನ್ ಮಗ; ಆದರೂ ಮನೆ ತುಂಬ ಯಾರೋ ಮೂರನೆಯವರು ಓಡಾಡುತ್ತಿದ್ದಂತಿತ್ತು. ವಿಚಾರಣೆ ಮುಗಿಯುವ ತನಕ ಹಾರುವುದು ಬೇಡವೆಂದು ಕಂಪನಿಯವರು ಅವನನ್ನು ಮನೆಯಲ್ಲಿ ಕೂರಿಸಿದ್ದರು. ಈ ಐದು ದಿನದಲ್ಲಿ ಅವನು ಒಮ್ಮೆಯೂ ಬೈಯಲಿಲ್ಲ. ಬೈದಿದ್ದರೆ ಅವಳು ಅದಕ್ಕೆ ಮೂರುಪಟ್ಟು ಬೈದು, ಅತ್ತು, ಊಟ ಬಿಟ್ಟು, ಸಂಜೆಗೆ ಸರಿಹೋಗುತ್ತಿದ್ದಳು. ಅವನು ತಾಟಿಗೆ ಹಾಕಿದ್ದನ್ನು ತಿಂದ, ತಾಟನ್ನು ತಾನೇ ತೊಳೆದಿಟ್ಟ. ತಾಟು ತೊಳೆದಿಟ್ಟದ್ದು ಅವಳಿಗೆ ಕೆನ್ನೆಗೆ ಹೊಡೆದಂತಾಗಿತ್ತು. ನಿನ್ನೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಾಳೆ ಧರ್ಮಣ್ಣ ಸರ್ ಬರ್ತಾರ. ಕಂಪನಿಯವರು. ನಮ್ಮ ಬೆಳಗಾವಿ ಕಡಿಯವರು. ನಿನ್ನ ವಿಡಿಯೋ ಕನ್ನಡದಾಗ ಅದ ಅಂತ ಅವರನ್ನ ಕಳಸ್ಯಾರ," ಎಂದ.

"ಬರ್ಲಿ. ನಾ ಏನ್ ಹೇಳ್ಲಿ ಅವರಿಗೆ?"

"ಇದ್ದದ್ದು ಹೇಳು."

ಇದ್ದದ್ದು ಹೇಳು ಎಂದನಲ್ಲ, ಅದನ್ನು ಯಾವ ದನಿಯಲ್ಲಿ ಎಂದ ಎಂದು ಅವಳು ಇಡೀ ದಿನ ನೆನಪಿಸಿಕೊಂಡಿದ್ದಳು. ಚುಚ್ಚಿದನೋ, ಬೇಡಿಕೊಂಡನೋ, ಬೇಸತ್ತು ಅಂದನೋ. ಎಪ್ಪತ್ತಮೂರು ವರ್ಷದಲ್ಲಿ ಅವಳಿಗೆ ಇದ್ದದ್ದನ್ನು ಹೇಳು ಎಂದವರು ಬಹಳ ಮಂದಿ, ಅವರೆಲ್ಲ ಅಂದದ್ದು ಒಂದೇ ಅರ್ಥದಲ್ಲಿ: ಬಾಯಿ ಮುಚ್ಚು. ಗಂಡ ಕೃಷ್ಣಾಜಿ ಖಡಕಿಯ ಕಾರಖಾನೆಯಲ್ಲಿ ತಯಾರಾದ ಮಾಲನ್ನು ತೂಗಿ, ಅಳೆದು, ಸರಿ ಇದ್ದರೆ ಠಸ್ಸೆ ಒತ್ತುವ ಕೆಲಸದಲ್ಲಿದ್ದವರು. ಮನೆಗೆ ಬಂದ ಮೇಲೂ ಕೈಯಿಂದ ತಕ್ಕಡಿ ಇಳಿಯುತ್ತಿರಲಿಲ್ಲ. ರೇಷನ್ ಅಂಗಡಿಯ ಮುಂದೆ ನೂರು ಮಂದಿ ಇದ್ದರು ಎಂದು ಅವಳು ಹೇಳಿದರೆ, "ಅಂದ್ರ ಹತ್ತು," ಎಂದು ಚಹಾ ಕುಡಿಯುವವರು. ಹತ್ತೂ ಇರಲಿಲ್ಲ, ಆರು ಇದ್ದರು. ಆದರೆ ಆರು ಮಂದಿಯ ಹಿಂದೆ ಎರಡು ತಾಸು ನಿಂತು ಬಂದ ಕಾಲಿಗೆ ಅವರು ನೂರೇ ಆಗಿರುತ್ತಾರೆ ಎಂದು ಆ ಮನುಷ್ಯನಿಗೆ ಹೇಗೆ ತಿಳಿಸುವುದು? ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ದಿನಕ್ಕೆ ನಾಲ್ಕು ಮಾತಾಡುವ ಗಂಡ, ಅವನ ಹಾಗೆಯೇ ಹುಬ್ಬು ಗಂಟಿಕ್ಕಿ ಹುಟ್ಟಿದ ಮಗ. ಅವಳು ದೊಡ್ಡದು ಮಾಡಿ ಹೇಳದಿದ್ದರೆ ಆ ಮನೆಯಲ್ಲಿ ಏನೂ ನಡೆಯುತ್ತಲೇ ಇರಲಿಲ್ಲ. ಹಲ್ಲಿ ಬಿದ್ದರೆ ಮೊಸಳೆ ಬಿತ್ತು ಎನ್ನುತ್ತಿದ್ದಳು. ಆಗ ಮಗ ನಗುತ್ತಿದ್ದ. ಆ ನಗುವಿಗಾಗಿ ಅವಳು ಆನೆಯನ್ನೂ ಬೀಳಿಸುತ್ತಿದ್ದಳು.

ಮಗ ಆ ವಿಮಾನದ ಮಾತು ಹೇಳಿದ್ದೂ ಇಂಥದೇ ಮಟಾರಿನ ದಿನ, ಸಂಕ್ರಾಂತಿಗೆ ಮೊದಲು. ದಿಲ್ಲಿಯಿಂದ ಬಂದು, ಸಮವಸ್ತ್ರ ಸಹ ಬಿಚ್ಚದೆ, ಮಧ್ಯಾಹ್ನ ಒಂದು ಗಂಟೆಗೆ ಅಡುಗೆಮನೆಯಲ್ಲಿ ಅವಳ ಎದುರಿಗೆ ನೆಲದ ಮೇಲೆ ಕೂತುಬಿಟ್ಟಿದ್ದ. ನಾಲ್ಕು ಬಂಗಾರದ ಪಟ್ಟಿಯ ಕ್ಯಾಪ್ಟನ್ ನೆಲದ ಮೇಲೆ ಕೂತದ್ದು ನೋಡಿ ಅವಳು ಎಂದಿನಂತೆ ಕೆಣಕಿದಳು. "ಯಾಕಪಾ, ಇವತ್ತೂ ಯಂತ್ರನ ಇಳಸ್ತೇನು? ನೀ ಹೋಗಿ ಬರೂದು ಯಾಕ, ನಿನ್ನ ಟೊಪಗಿ ಕಳಿಸಿದ್ರ ಸಾಕಲ್ಲ." ಮಂಜು ದಟ್ಟವಾಗಿದ್ದಾಗ ವಿಮಾನ ತಾನೇ ಇಳಿಯುತ್ತದೆ ಎಂದು ಅವನು ಹಿಂದೊಮ್ಮೆ ತಿಳಿಸಿ ಹೇಳಿದಂದಿನಿಂದ ಅವಳಿಗೆ ಇದು ಬಾಯಿಪಾಠದ ಚೇಷ್ಟೆಯಾಗಿತ್ತು. ಅವನು ನಗಲಿಲ್ಲ. ಒಂದು ಮಟಾರಿನ ಕಾಯಿ ಎತ್ತಿಕೊಂಡು, ಬಿಡಿಸದೆ, ಬೆರಳಲ್ಲಿ ತಿರುಗಿಸುತ್ತ ಹೇಳಿದ.

"ಯಂತ್ರ ಇಳಸ್ತದ ಅವ್ವಾ, ಖರೇ. ಆದ್ರ ನೋಡೂದು ನನ್ನ ಕೆಲಸ. ಕೆಳಗ ಬರ್ತಾ ಬರ್ತಾ ಅದು ಎತ್ತರ ಒದರತದ. ಐವತ್ತು ಅಡಿ ಅಂದಾಗ ನನಗ ಹೊರಗ ದೀಪ ಕಾಣಬೇಕು. ರನ್‌ವೇ ದೀಪ. ಕಂಡ್ರ 'ಲ್ಯಾಂಡಿಂಗ್' ಅನಬೇಕು. ಕಾಣಲಿಲ್ಲಂದ್ರ ಮ್ಯಾಲೆ ಎಬ್ಬಿಸಿಕೊಂಡು ಹೋಗಬೇಕು. ಅಷ್ಟ."

"ಬಾಜೂಕ ಇನ್ನೊಬ್ಬ ಇರ್ತಾನಲ್ಲ, ಅಂವಾ ಏನ್ ಮಾಡ್ತಾನ?"

"ಅಂವಾ ಹೊರಗ ನೋಡಂಗಿಲ್ಲ. ಅವನ ಕಣ್ಣು ಒಳಗಿನ ಮೀಟರ್ ಮ್ಯಾಲ ಇರಬೇಕು, ಗಾಲಿ ನೆಲಕ್ಕ ಹತ್ತೂತನಕ. ಹೊರಗ ನೋಡಾಂವಾ ನಾ ಒಬ್ಬನ. ನಾ ಕಂಡೇನಿ ಅಂದ್ರ ಕಂಡಂಗ."

ಕುಕ್ಕರ್ ಒಂದು ಸೀಟಿ ಹೊಡೆಯಿತು. ಎರಡನೆಯ ಸೀಟಿಯ ತನಕ ಅವಳು ಕಾದಳು. ಅವಳ ಜನ್ಮದಲ್ಲಿ ಅಷ್ಟು ಹೊತ್ತು ಕಾದದ್ದು ಅದೊಂದೇ ಸಲ. "ಮೊದಲ ಒಂದ್ಸಲ ಇಳಿಯಾಕ ಹೋಗಿ ಕಾಣದ ಮ್ಯಾಲೆ ಹೋಗಿದ್ವಿ," ಎಂದ ಅವನು. "ನಮ್ಮ ಮುಂದಿನ ಎರಡು ವಿಮಾನ ಇಳದಿದ್ವು. ಹಿಂದಿನಾಂವಾನೂ ಇಳದಾ. ರೇಡಿಯೋದಾಗ ಎಲ್ಲಾರೂ ಕೇಳ್ತಿರ್ತಾರ ಅವ್ವಾ, ಯಾರು ಇಳದ್ರು, ಯಾರು ತಿರಿಗಿ ಹೋದ್ರು ಅಂತ. ಎರಡನೇ ಸಲ ಬಂದ್ವಿ. ಐವತ್ತು ಅಂತು. ಬೆಳ್ಳಗ, ಬರೇ ಬೆಳ್ಳಗ. ಏನೂ ಇರಲಿಲ್ಲ. ನಾ 'ಲ್ಯಾಂಡಿಂಗ್' ಅಂದೆ."

"ಕಾಣಲಿಲ್ಲ, ಕಂಡಿತು ಅಂದಿ?"

"ಹೂಂ." ಅವನು ಕಾಯನ್ನು ರಾಶಿಗೆ ಹಾಕಿದ. "ಗಾಲಿ ಹತ್ತಿದ್ದೂ ಗೊತ್ತಾಗಲಿಲ್ಲ, ಅಷ್ಟು ಮೆತ್ತಗ ಇಳೀತು. ಒಳಗ ಮಂದಿ ಚಪ್ಪಾಳಿ ಹೊಡದ್ರು."

ಆ ಚಪ್ಪಾಳೆಯನ್ನು ಹೇಳುವಾಗ ಅವನ ಮುಖ ಹೇಗಾಯಿತೆಂದರೆ, ಒಂಬತ್ತು ವರ್ಷದವನಿದ್ದಾಗ ಶಾಲೆಯ ಈಜಿನ ಪರೀಕ್ಷೆಗೆ ಹೆದರಿ ಎರಡು ದಿನ ಖಡಕಿಯ ಮಾರ್ಕೆಟ್ಟಿನಲ್ಲಿ ಅಲೆದು ಬಂದಾಗಿನ ಮುಖ. ಆಗ ಅವಳು ಅವನನ್ನು ಎಳೆದುಕೊಂಡು ಹೋಗಿ ಮಾಸ್ತರಿಣಿಯ ಮುಂದೆ ನಿಲ್ಲಿಸಿ, ಹುಡುಗನಿಗೆ ಟೈಫಾಯ್ಡ್ ಆಗಿತ್ತು, ಜ್ವರ ಎಷ್ಟೆಂದರೆ ಹಣೆಯ ಮೇಲೆ ರೊಟ್ಟಿ ಬೇಯುತ್ತಿತ್ತು ಎಂದಿದ್ದಳು. ಮಾಸ್ತರಿಣಿಯ ಕಣ್ಣಲ್ಲಿ ನೀರು ಬಂತು. ಆಮೇಲೆ ಒಂದು ತಿಂಗಳು ಅವನನ್ನು ಆಟಕ್ಕೆ ಬಿಡಲಿಲ್ಲ, ಹಿಂದಿನ ಬೆಂಚಿನಲ್ಲಿ ಗ್ಲುಕೋಸ್ ನೀರು ಕುಡಿಸಿ ಕೂರಿಸಿದರು. ಒಂದು ಸಂಜೆ ಅವನು, "ಅವ್ವಾ, ನನಗ ಯಾವಾಗ ಆರಾಮ ಆಗ್ತದ?" ಎಂದು ಕೇಳಿದ್ದ. ಅವಳು ಅದನ್ನೂ ಓಣಿಗೆಲ್ಲ ಹೇಳಿ ನಗಿಸಿದ್ದಳು. ನಗಿಸುವಾಗ ಅವನು ಬಾಗಿಲ ಹಿಂದೆ ನಿಂತಿದ್ದ. ಅದು ನೆನಪಾದದ್ದು ಈಗ, ಈ ಬಾಲ್ಕನಿಯಲ್ಲಿ, ನಲವತ್ತು ವರ್ಷದ ಮೇಲೆ. ಅಂದು ಅಡುಗೆಮನೆಯಲ್ಲಿ ನೆನಪಾಗಲಿಲ್ಲ. ಅಂದು ಅವಳು ಮಗನ ಮೊಣಕಾಲು ತಟ್ಟಿ, "ಹೋಗಲಿ ಬಿಡು, ಎಲ್ಲಾರೂ ಇಳದು ಮನಿ ಸೇರಿದ್ರಲ್ಲ, ಅನ್ನ ತಿನ್ನು," ಎಂದುಬಿಟ್ಟಳು. ಅವನು ಇನ್ನೇನೋ ಹೇಳುವವನಿದ್ದ. ಬಾಯಿ ತೆರೆದಿತ್ತು. ಅವಳು ಅದರೊಳಗೆ ಅನ್ನ ಹಾಕಿದಳು.

ಇನ್ನು ನೀಲಿಮಾಳ ಮನೆಯ ಅರಿಷಿಣ-ಕುಂಕುಮ. ಅದನ್ನು ನೆನೆದರೆ ಅವಳಿಗೆ ಕಿವಿ ಬಿಸಿಯಾಗುತ್ತದೆ. ಸಂಕ್ರಾಂತಿಯ ಮೇಲಿನ ಆ ಹದಿನೈದು ದಿನ ಕಟ್ಟಡದ ಕನ್ನಡದ ಹೆಂಗಸರು ಒಬ್ಬರ ಮನೆಗೊಬ್ಬರು ಹೋಗಿ, ಕುಂಕುಮ ಹಚ್ಚಿಸಿಕೊಂಡು, ಎಳ್ಳುಂಡೆ ತಿಂದು, ಒಳ್ಳೊಳ್ಳೆ ಮಾತಾಡೋಣ ಎಂದು ಒಬ್ಬರಿಗೊಬ್ಬರು ಹೇಳಿ, ಉಳಿದವರ ಬಗ್ಗೆ ಕೆಟ್ಟದಾಗಿ ಮಾತಾಡಿ ಬರುವ ಹಬ್ಬ. ವಿಧವೆಯರನ್ನು ಕರೆಯುವ ಪದ್ಧತಿ ಇಲ್ಲ. ಆರನೆಯ ಮಹಡಿಯ ನೀಲಿಮಾ ಧಾರವಾಡದಲ್ಲಿ ಕಾಲೇಜು ಓದಿದವಳು, "ಕಾಕೂ, ಅದೆಲ್ಲಾ ಹಳೇದಾತು, ನೀವು ಇಲ್ಲದ ಮಜಾ ಇಲ್ಲ, ಬರಬೇಕಂದ್ರ ಬರಬೇಕು," ಎಂದು ಕೈಹಿಡಿದು ಕರೆದಳು. ಕೃಷ್ಣಾಜಿ ತೀರಿಹೋದ ಹನ್ನೆರಡು ವರ್ಷದ ಮೇಲೆ ಒಬ್ಬರು ಕರೆದರು. ರಂಗೂಬಾಯಿ ಸೋಫಾದ ನಟ್ಟನಡುವೆ ಕೂತಳು. ಕುಂಕುಮದ ತಟ್ಟೆ ಹಿಡಿದು ನೀಲಿಮಾಳ ಮಗಳು ಪೂರ್ವಾ ಎಡಗಡೆಯಿಂದ ಒಬ್ಬೊಬ್ಬರಿಗೆ ಹಚ್ಚುತ್ತ ಬಂದು ಅವಳ ಮುಂದೆ ನಿಂತಳು. ಹುಡುಗಿಯ ಬೆರಳ ತುದಿಯಲ್ಲಿ ಕುಂಕುಮವಿತ್ತು. ಅವಳು ತಾಯಿಯ ಕಡೆ ನೋಡಿದಳು. ತಾಯಿ ಫ್ಯಾನಿನ ಕಡೆ ನೋಡಿದಳು. ಬೆರಳು ಗಾಳಿಯಲ್ಲಿ ತುಸು ಹೊತ್ತು ಇದ್ದು, ಪಕ್ಕದವಳ ಹಣೆಗೆ ಹೋಯಿತು. ಹದಿನಾಲ್ಕು ಹೆಂಗಸರ ಇನ್ನೂರು ಬಳೆಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ಆ ಸದ್ದಿಲ್ಲದ ಜಾಗವನ್ನು ಏನಾದರೂ ಹಾಕಿ ತುಂಬಬೇಕಿತ್ತು. ಎಲ್ಲರೂ ತನ್ನ ಹಣೆಯನ್ನು ಬಿಟ್ಟು ಬಾಯಿಯನ್ನು ನೋಡುವ ಹಾಗೆ ಮಾಡಬೇಕಿತ್ತು. ಕೈಗೆ ಸಿಕ್ಕದ್ದು ಮಗ.

ದಿಲ್ಲಿಯ ಮಂಜಿನ ಕತೆ ಅವಳು ಹೇಳಿದ ಹಾಗೆ ಯಾರೂ ಹೇಳಿರಲಿಕ್ಕಿಲ್ಲ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬಳಿಗೆ ಎಳ್ಳುಂಡೆ ನೆತ್ತಿಗೇರಿತು. ಅವರು ನಕ್ಕಷ್ಟೂ ಇವಳು ಏರಿಸಿದಳು. ಏರಿಸಿ ಏರಿಸಿ, ಇನ್ನು ಏರಿಸಲು ಏನೂ ಉಳಿಯದಾದಾಗ, ತಳದಲ್ಲಿದ್ದ ಒಂದೇ ಒಂದು ನಿಜವನ್ನೂ ಎತ್ತಿ ಹಾಕಿದಳು. ಪೂರ್ವಾಳ ಕೈಯಲ್ಲಿ ತಟ್ಟೆಯ ಬದಲು ಫೋನು ಯಾವಾಗ ಬಂತೋ ಅವಳು ನೋಡಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕರೆಗಂಟೆ ಬಡಿಯಿತು. ಬಾಗಿಲು ತೆರೆದದ್ದು ವಿಕಾಸ. ಧರ್ಮಣ್ಣ ಐವತ್ತೈದರ ಮನುಷ್ಯ, ಬಗಲಲ್ಲಿ ಫೈಲು, ಬೂಟು ಬಿಚ್ಚಲೋ ಬೇಡವೋ ಎಂದು ನಿಂತ. ವಿಕಾಸ ನಮಸ್ಕಾರ ಮಾಡಿ, "ನಾ ಇರಬಾರದಲ್ಲ ಸರ್, ಒಳಗ ಇರ್ತೀನಿ," ಎಂದು ತನ್ನ ಕೋಣೆಗೆ ಹೋದ. ಬಾಗಿಲು ಪೂರ ಮುಚ್ಚಲಿಲ್ಲ. ನಾಲ್ಕು ಬೆರಳಿನಷ್ಟು ಸಂದಿ ಬಿಟ್ಟ.

"ಕೂಡ್ರಿ, ಧರ್ಮಣ್ಣಾರ. ಬೆಳಗಾವಿ ಯಾವ ಕಡೆ?"

"ಖಾನಾಪೂರ ರಸ್ತಾ ಮ್ಯಾಲ್ರಿ, ಕಾಕೂ. ಏರ್‌ಫೋರ್ಸ್‌ನಾಗಿದ್ದೆ, ಈಗ ಈ ಕಂಪನಿಯೊಳಗ ಸೇಫ್ಟಿ ನೋಡ್ಕೋತೀನಿ." ಅವನು ಫೈಲು ತೆಗೆದು ಮೊಣಕಾಲಿನ ಮೇಲಿಟ್ಟ. "ನೀವು ಗಾಬರಿ ಆಗಬ್ಯಾಡ್ರಿ. ವಿಮಾನದ ದಾಖಲೆ ಎಲ್ಲಾ ತಗದು ನೋಡೇವಿ, ಇಳಿದದ್ದು ಒಂದು ಕೂದಲೆಳೆಯಷ್ಟೂ ಆಕಡೆ ಈಕಡೆ ಇಲ್ಲ. ಮಾತಾಡಿದ್ದು ರೆಕಾರ್ಡ್ ಆಗ್ತದ, ಆದ್ರ ಎರಡು ತಾಸಿಗೆ ಅಳಿಸಿ ಹೋಗ್ತದ. ಬಾಜೂಕ ಕೂತಿದ್ದ ಅಮೇಯ ಅಂತ ಹುಡುಗ, ಕ್ಯಾಪ್ಟನ್ 'ಲ್ಯಾಂಡಿಂಗ್' ಅಂದ್ರು, ನಾ ಒಳಗ ನೋಡ್ತಿದ್ದೆ ಅಂತ ಬರದು ಕೊಟ್ಟಾನ. ಕ್ಯಾಪ್ಟನ್ನರು ದೀಪ ಕಂಡಿತ್ತು ಅಂತ ಬರದು ಕೊಟ್ಟಾರ. ಉಳಿದದ್ದು ನಿಮ್ಮ ವಿಡಿಯೋ ಒಂದ. ನಾಲ್ಕು ಲಕ್ಷ ಮಂದಿ ನೋಡ್ಯಾರ್ರಿ ಅದನ್ನ."

ನಾಲ್ಕು ಲಕ್ಷ. ಅಂದರೆ ನಲವತ್ತು ಸಾವಿರ ಎಂದು ಕೃಷ್ಣಾಜಿಯವರ ದನಿ ಅವಳ ಕಿವಿಯಲ್ಲಿ ಅಂದಿತು. ಆದರೆ ಈ ಸಲ ಹೇಳಿದವನು ಬೇರೆಯವನು, ಸಂಖ್ಯೆ ಅಷ್ಟೇ ಇತ್ತು. ಮಗ ದೀಪ ಕಂಡಿತ್ತು ಎಂದು ಬರೆದುಕೊಟ್ಟಿದ್ದಾನೆ ಎಂಬುದು ಅವಳಿಗೆ ಈಗಲೇ ಗೊತ್ತಾದದ್ದು. ಅವನ ಗುಂಡಗಿನ ಅಕ್ಷರ ಅವಳ ಕಣ್ಣಿಗೆ ಬಂತು. ಹಾಗಾದರೆ ಇದ್ದದ್ದು ಹೇಳು ಎಂದನಲ್ಲ, ಅವನ ಕಾಗದದಲ್ಲಿ ಇದ್ದದ್ದೋ?

ಧರ್ಮಣ್ಣ ಕನ್ನಡಕ ಏರಿಸಿದ. "ನೀವು ಅಂದದ್ದೆಲ್ಲಾ ಇಂಗ್ಲಿಷಿಗೆ ಮಾಡಿ ಕಳಿಸೀನಿ. ಹೆಡ್ಡಾಫೀಸಿನವರು ಒಂದೊಂದಕ್ಕೂ ಖರೇ ಏನು ಅಂತ ಕೇಳ್ಯಾರ. ನಾ ಓದತೀನಿ, ನೀವು ಹೇಳ್ರಿ. ಒಂದನೇದು. ಮಂಜಿನಾಗ ಎಮ್ಮಿ ನಿಂತ್ರ ಎಮ್ಮಿಗೂ ತನ್ನ ಬಾಲ ಕಾಣದ ಅಳತದ." ಅವನು ತಲೆ ಎತ್ತಿದ. "ರನ್‌ವೇ ಮ್ಯಾಲ ಎಮ್ಮಿ ಬಂದಿತ್ತೇನು ಅಂತ ಕೇಳ್ಯಾರ್ರಿ."

"ಅಯ್ಯ, ಎಮ್ಮಿ ಎಲ್ಲೀದ್ರಿ. ಮಾತಿಗಂದೆ."

"ಎಮ್ಮಿ ಇಲ್ಲ," ಎಂದು ಅವನು ಬರೆದುಕೊಂಡ. "ಎರಡು. ಪೈಲಟ್ ಎರಡೂ ಕೈ ಕಟ್ಟಿಕೊಂಡು, ಬಾಯಾಗ ಆಲೇಪಾಕದ ಶುಂಠಿ ವಡಿ ಇಟ್ಕೊಂಡು ಕೂತಿದ್ದ."

"ಸುಳ್ಳು."

"ಮೂರು. ಒಳಗಿನ ಇನ್ನೂರು ಮಂದಿ ಉಸಿರು ಬಿಗಿ ಹಿಡದಿದ್ದಕ್ಕ ವಿಮಾನ ಹಗುರ ಆಗಿ ಹತ್ತಿಯಂಗ ಇಳೀತು."

"ಅದೂ ಸುಳ್ಳ್ರಿ."

ಅವನು ಮುಂದೆ ಓದುತ್ತ ಹೋದ. ವಿಠ್ಠಲನನ್ನು ನೆನೆದು ಕಣ್ಣು ಮುಚ್ಚಿದ್ದು. ಗಗನಸಖಿಯರು ಎಣ್ಣೆಯ ದೀಪ ಹಚ್ಚಿದ್ದು. ಇಳಿದ ಮೇಲೆ ವಿಮಾನವನ್ನು ಹುಡುಕಲು ಮೂರು ಜೀಪು ಹೊರಟು ಮೂರೂ ಕಳೆದುಹೋದದ್ದು. ಅಂದು ಹದಿನಾಲ್ಕು ಹೆಂಗಸರು ಬಿದ್ದು ಬಿದ್ದು ನಕ್ಕ ಮಾತುಗಳು, ಒಂದೊಂದಾಗಿ ಕಾಗದದಿಂದೆದ್ದು, ಗಂಡಸಿನ ಒಣ ದನಿಯಲ್ಲಿ, ಬಟ್ಟೆ ಬಿಚ್ಚಿ ನಿಂತವರ ಹಾಗೆ ಬಂದು ನಿಂತವು. ಸುಳ್ಳು ಎಂದಳು, ಸುಳ್ಳು, ಅದೂ ಸುಳ್ಳು. ಪ್ರತಿ ಸಲ ಆ ಮನುಷ್ಯ ಅಡ್ಡಗೆರೆ ಹೊಡೆಯುತ್ತಿದ್ದ. ಖಡಕಿಯ ಕ್ವಾರ್ಟರ್ಸಿನಿಂದ ಇಲ್ಲಿಯ ತನಕ ತಾನು ಹೇಳಿದ್ದನ್ನೆಲ್ಲ ಯಾರೋ ಹೀಗೆ ಪಟ್ಟಿ ಮಾಡಿ ಅಡ್ಡಗೆರೆ ಹೊಡೆದರೆ ಕೊನೆಗೆ ಏನು ಉಳಿದೀತು ಎಂದು ಅವಳಿಗೆ ಅನಿಸಿತು. ಧರ್ಮಣ್ಣ ಜೀಪಿನ ಹತ್ತಿರ ಬಂದಾಗ ತಡೆಯಲಾರದೆ ಮೂಗಿನಲ್ಲಿ ನಕ್ಕ. ಅವಳು ನಗಲಿಲ್ಲ. ಅವಳ ಕಿವಿಯೆಲ್ಲ ಆ ನಾಲ್ಕು ಬೆರಳಿನ ಸಂದಿಯ ಕಡೆಗಿತ್ತು.

"ಕಡೀದು," ಎಂದ ಧರ್ಮಣ್ಣ. ಅವನು ಕನ್ನಡಕ ತೆಗೆದು ಒರೆಸಿದ. ಈ ಸಾಲು ಅವನಿಗೆ ಓದದೆಯೇ ಬಾಯಿಗೆ ಬರುತ್ತಿತ್ತು ಎಂದು ಅವಳಿಗೆ ತಿಳಿಯಿತು. "ನೀವು ಅಂದೀರಿ, 'ಐವತ್ತು ಅಡಿ ಆದಾಗ ದೀಪ ಕಾಣಬೇಕಂತ. ಇವಗ ಕಾಣಲೇ ಇಲ್ಲ. ಕಂಡಿತು ಅಂದುಬಿಟ್ಟ. ಬಾಜೂಕಿನಾಂವಾ ಹೊರಗ ನೋಡಂಗಿಲ್ಲ, ಗೊತ್ತಾಗೂದು ಯಾರಿಗೆ?'"

ಅವಳು ಬಾಲ್ಕನಿಯಿಂದ ತಂದುಕೊಂಡ ಕಾಳಿನ ಬುಟ್ಟಿಯಲ್ಲಿ ಕೈ ಇಟ್ಟುಕೊಂಡಿದ್ದಳು. ಕಾಳು ತಣ್ಣಗಿದ್ದವು.

"ಎಮ್ಮಿ ನೀವು ಹುಟ್ಟಿಸಿದ್ರಿ ಅಂದ್ರ ತಿಳೀತದ, ಕಾಕೂ. ಈ ಐವತ್ತು ಅಡಿ ನಿಮಗ ಯಾರು ಹೇಳಿದ್ರು? ಬಾಜೂಕಿನಾಂವಾ ಹೊರಗ ನೋಡಂಗಿಲ್ಲ ಅನ್ನೂದು ನಮ್ಮ ಮಂದಿಗಲ್ಲದ ಹೊರಗಿನವರಿಗೆ ಗೊತ್ತಿರಂಗಿಲ್ಲ."

"ಮಗಾ ಹೇಳ್ಯಾನ. ಹಿಂದ ಎಂದೋ. ಹೆಂಗ ಇಳಸ್ತಾರ ಅಂತ ಕೇಳಿದ್ದೆ."

"ಅದು ಸರಿ. ನಿಯಮಾ ಹೇಳಿರಬಹುದು. ಕಾಣಲಿಲ್ಲ ಅಂತ ಹೇಳ್ಯಾರೇನು?"

ಅವನ ದನಿಯಲ್ಲಿ ಜಬರದಸ್ತಿ ಇರಲಿಲ್ಲ. ಅವಳು ಹೂಂ ಎಂದರೆ ಅದನ್ನೂ ಅದೇ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದ, ಉಹೂಂ ಎಂದರೆ ಅಡ್ಡಗೆರೆ ಹೊಡೆಯುತ್ತಿದ್ದ. ಅವಳಿಗೆ ಒಂದು ವಿಚಿತ್ರ ಆಸೆಯಾಯಿತು: ಇದೊಂದು ಸಾಲಿನ ಮೇಲೆ ಗೆರೆ ಬೀಳದಿರಲಿ, ಇಡೀ ಕಾಗದದಲ್ಲಿ ಇದೊಂದಾದರೂ ನನ್ನ ನಿಜವಾಗಿ ಉಳಿಯಲಿ. ಆ ಬೆನ್ನಿಗೇ ಸಮವಸ್ತ್ರ ಕಳಚಿದ ಮಗ ಕಂಡ, ಪಟ್ಟಿಯಿಲ್ಲದ ಭುಜದ ಮಗ, ತಾಟು ತೊಳೆಯುತ್ತ. ಮತ್ತೆ, ಎಲ್ಲಿಂದಲೋ, ಚಪ್ಪಾಳೆ ಹೊಡೆಯುತ್ತಿದ್ದ ಮಂದಿ. ಆ ಬೆಳ್ಳಗಿನ ಒಳಗೆ ಒಂದು ಕ್ಷಣ ಯಾರಿಗೂ ಸೇರದೆ ತೇಲಿದ ಮಂದಿ, ಅವರಿಗೂ ತನ್ನಂಥ ಒಬ್ಬೊಬ್ಬ ಮುದುಕಿ ಎಲ್ಲೋ ಮಟಾರು ಬಿಡಿಸುತ್ತ ಕೂತಿದ್ದಾಳು. ಅವಳು ಆ ಮುದುಕಿಯರನ್ನು ನೋಡದೆ ಮುಖ ತಿರುಗಿಸಿದಳು.

"ಇಲ್ರಿ," ಎಂದಳು. "ಅದೂ ನಾನ ಹುಟ್ಟಿಸಿದ್ದು. ನನಗೊಂದು ಕೆಟ್ಟ ಚಟಾ ಅದ. ಮಂದಿ ನಗತಾರಂದ್ರ ನನಗ ಬ್ರೇಕ್ ಹತ್ತಂಗಿಲ್ಲ. ನಮ್ಮ ಮನಿಯವರು ಇದ್ದಾಗನೂ ಹಿಂಗ. ಬೇಕಾದ್ರ ಯಾರನ್ನಾದ್ರೂ ಕೇಳ್ರಿ, ರಂಗೂಬಾಯಿ ಮಾತು ಹತ್ತರಾಗ ಒಂಬತ್ತು ಸುಳ್ಳು ಅಂತ ಹೇಳ್ತಾರ."

"ಒಂದು ಖರೇ ಇರ್ತದಲ್ರಿ."

"ಆ ಒಂದು ಇದಲ್ಲ."

ಧರ್ಮಣ್ಣ ಅವಳನ್ನೇ ನೋಡಿದ. ಆಮೇಲೆ, ಹೊರೆ ಇಳಿಸಿದವನ ಹಾಗೆ ಬೆನ್ನು ಒರಗಿಸಿ, ಗೆರೆ ಹೊಡೆದ. ಹಾಳೆಯ ಕೆಳಗೆ ಕನ್ನಡದಲ್ಲಿ ಎರಡು ಸಾಲು ಬರೆದು ಅವಳ ಕೈಗೆ ಕೊಟ್ಟ. ಬೈಲಹೊಂಗಲದ ಶಾಲೆಯ ಮೂರನೆಯ ತರಗತಿಯ ಬಲದಿಂದ ಅವಳು ಬೆರಳಿಟ್ಟು ಓದಿದಳು: ವಿಡಿಯೋದಲ್ಲಿ ನಾನು ಹೇಳಿದ್ದೆಲ್ಲವೂ ಸುಳ್ಳು. ಓದಿ ಮುಗಿಸಲು ಅವಳಿಗೆ ಹೊತ್ತು ಹಿಡಿಯಿತು. ರಂಗೂಬಾಯಿ ಎಂದು ಬರೆಯುವಾಗ ಸೊನ್ನೆ ಬಿಟ್ಟುಹೋಗಿ, ಆಮೇಲೆ ಇಕ್ಕಟ್ಟಿನಲ್ಲಿ ತುರುಕಿದಳು.

"ಮಂಜಿನಾಗ ಇಳಸಾಕ ಕಲತವರು ನಮ್ಮಲ್ಲೆ ಕಡಿಮಿ ಇದ್ದಾರ್ರಿ, ಕಾಕೂ," ಎಂದ ಅವನು, ಅವಳು ತಂದಿಟ್ಟ ಚಹಾ ಅರ್ಧ ಕುಡಿದು ಏಳುತ್ತ. "ಇವತ್ತ ಕಳಿಸಿಬಿಡ್ತೀನಿ ಇದನ್ನ. ನಾಳೆ ಮುಂಜಾನಿ ದಿಲ್ಲಿಗೆ ಮತ್ತ ಹಾಕ್ತಾರ ಅವರನ್ನ. ಇನ್ನ ಮುಂದ ಮಾತ್ರ ಎಮ್ಮಿ ಕತಿ ಹೇಳೂವಾಗ ಫೋನ್ ಎಲ್ಲದ ನೋಡ್ಕೋರಿ." ಅವನು ನಕ್ಕು, ಬೂಟಿನ ದಾರ ಕಟ್ಟಿಕೊಂಡು, ಮೆಟ್ಟಿಲ ಹಾದಿಯಲ್ಲೇ ಇಳಿದು ಹೋದ. ಡಾಕ್ಟರರು ನಡೆಯಲು ಹೇಳಿದ್ದಾರಂತೆ.

ವಿಕಾಸ ಹೊರಗೆ ಬಂದು ಧರ್ಮಣ್ಣ ಕೂತಿದ್ದ ಕುರ್ಚಿಯಲ್ಲೇ ಕೂತ. ಅವಳಿಗೆ ಎದೆ ಹಗುರಾಗಿತ್ತು. ಹೊಗಳಿಸಿಕೊಳ್ಳುವ ಆಸೆ ಹುಟ್ಟುವಷ್ಟು ಹಗುರಾಗಿತ್ತು. "ನೋಡಿದ್ಯಾ," ಎಂದಳು. "ನಿನ್ನ ಅವ್ವ ಜನ್ಮದಾಗ ಮೊದಲ ಸಲ ಸಣ್ಣದು ಮಾಡಿ ಹೇಳಿದ್ಲು."

ಅವನು ಅರ್ಧ ಉಳಿದ ಚಹಾದ ಕಪ್ಪನ್ನು ನೋಡುತ್ತಿದ್ದ. "ನೀ ಹೇಳಿಬಿಡ್ತಿ ಅಂತ ತಿಳದಿದ್ದೆ ಅವ್ವಾ."

"ಏನ?"

"ಕಾಣಲಿಲ್ಲ ಅಂತ." ಅವನ ದನಿ ಎಷ್ಟು ಸಾದಾ ಇತ್ತೆಂದರೆ ನೀರು ಕೇಳಿದ ಹಾಗಿತ್ತು. "ನನ್ನ ಬಾಯಿಂದ ಬರಂಗಿಲ್ಲ. ಮೂರು ಸಲ ಅವರ ಆಫೀಸಿನ ಬಾಗಲತನಕ ಹೋಗಿ ಬಂದೀನಿ. ಕಡೀಕ ಅವರು ಕೇಳಿದಾಗನೂ ಕಂಡಿತ್ತು ಅಂತ ಬರದು ಕೊಟ್ಟು ಬಂದೆ. ನಿನ್ನ ವಿಡಿಯೋ ಬಂತಲ್ಲ, ಆವತ್ತ ರಾತ್ರಿ ನನಗ ನಿದ್ದಿ ಹತ್ತಿತು. ಎಷ್ಟೋ ದಿನದ ಮ್ಯಾಲೆ. ಇನ್ನ ಮುಗೀತು, ಅವ್ವ ಹೇಳ್ಯಾಳ, ನಾ ಹೇಳಬೇಕಾಗಿಲ್ಲ ಅಂತ. ಶರ್ವರಿ ಅಳಾಕತ್ತಿದ್ಲು, ನಾ ಮಕ್ಕೊಂಡಿದ್ದೆ."

ಅವಳ ಕೈಯಲ್ಲಿದ್ದ ಬುಟ್ಟಿ ನೆಲಕ್ಕೆ ಹೋಯಿತು, ಬೀಳಲಿಲ್ಲ, ಅವಳೇ ಇಟ್ಟಳು. ಐದು ದಿನ ಅವನು ಬೈಯಲಿಲ್ಲ. ಅದು ಸಿಟ್ಟಾಗಿರಲಿಲ್ಲ. ತಾಟು ತೊಳೆದಿಟ್ಟದ್ದು ಸಿಟ್ಟಾಗಿರಲಿಲ್ಲ. ಆರಾಮಾಗುವ ದಿನಕ್ಕಾಗಿ ಹಿಂದಿನ ಬೆಂಚಿನಲ್ಲಿ ಕೂತವನು ಕಾಯುವ ಹಾಗೆ ಕಾಯುತ್ತಿದ್ದ.

"ಒಂದ್ಸಲ ಅಂದ ಮ್ಯಾಲೆ ಎರಡನೇ ಸಲ ಭಾಳ ಹಗುರ ಅವ್ವಾ," ಎಂದ ಅವನು. "ನಾಳೆ ಐವತ್ತು ಅಂದಾಗ ನಾ ಏನಂತೀನಿ ನನಗ ಗೊತ್ತಿಲ್ಲ. ಅದಕ್ಕ ಅಂಜಿಕಿ."

"ಏಳು." ಅವಳು ಅವನ ತೋಳು ಹಿಡಿದಳು. "ಏಳೋ, ವಿಕ್ಯಾ. ಏಳು ಮಾಳಿಗಿ ಇಳೀಬೇಕು ಆ ಮನಿಷಾ, ಇನ್ನೂ ನಡುವ ಇರ್ತಾನ. ಲಿಫ್ಟಿನ್ಯಾಗ ಹೋದ್ರ ಅವನಕಿಂತ ಮೊದಲ ಕೆಳಗ ಇರ್ತಿ. ಹೋಗು. ನಮ್ಮವ್ವ ಸುಳ್ಳ ಹೇಳ್ಯಾಳಂತ ಹೇಳು. ನೀ ಏನೂ ಹೇಳಬ್ಯಾಡ, ಅಷ್ಟ ಹೇಳು ಸಾಕು, ಉಳಿದದ್ದು ಅವರ ಕೇಳ್ತಾರ."

ಅವನು ಎದ್ದ. ನಿಜಕ್ಕೂ ಎದ್ದ. ಚಪ್ಪಲಿ ಮೆಟ್ಟಿ, ಬಾಗಿಲು ದಾಟಿ, ಲಿಫ್ಟಿನ ಗುಂಡಿ ಒತ್ತಿದ. ಅವಳು ಹೊಸ್ತಿಲಲ್ಲಿ ನಿಂತಳು, ಅವನಿಂದ ಆರು ಹೆಜ್ಜೆ. ಮೆಟ್ಟಿಲಿನ ಕೆಳಗೆಲ್ಲೋ ಬೂಟಿನ ಸದ್ದು ತಾಳ ಹಾಕಿದಂತೆ ಇಳಿಯುತ್ತಿತ್ತು, ಇನ್ನೂ ಕೇಳುತ್ತಿತ್ತು. ಲಿಫ್ಟು ಬಂತು. ಬಾಗಿಲು ಎರಡಾಗಿ ಸರಿಯಿತು. ಒಳಗೆ ಬಿಳಿಯ ಟ್ಯೂಬಿನ ಬೆಳಕು, ಉಕ್ಕಿನ ಗೋಡೆ, ಗೋಡೆಯ ಕನ್ನಡಿಯಲ್ಲಿ ವಿಕಾಸನೇ ವಿಕಾಸನ ಎದುರಿಗೆ ನಿಂತಿದ್ದ. ಅವನ ಭುಜದ ಹಿಂದೆ, ಸಣ್ಣದಾಗಿ, ಒಳ್ಳೆಯ ಸೀರೆ ಉಟ್ಟ ಅವಳು. ಬೇರೆ ಯಾರೂ ಇರಲಿಲ್ಲ. ಅವನ ಕೈ ಎದೆಯ ಮಟ್ಟಕ್ಕೆ ಎದ್ದು ಅಲ್ಲೇ ನಿಂತಿತು. ಒಂದು ಹೆಜ್ಜೆಯ ಕೆಲಸ. ಅವಳು ಒಳಗೊಳಗೇ ಎಣಿಸುತ್ತಿದ್ದಳು, ಏನನ್ನು ಎಣಿಸುತ್ತಿದ್ದೇನೆಂದು ತಿಳಿಯದೆ, ಮೇಲಿನಿಂದ ಕೆಳಕ್ಕೆ. ಬಾಗಿಲಿನ ಎರಡು ಹೋಳು ಮೆಲ್ಲಗೆ ಕೂಡಿಕೊಂಡವು. ಲಿಫ್ಟು ಕೆಳಗಿಳಿಯಿತು, ಎಷ್ಟು ಮೆತ್ತಗೆಂದರೆ ಸದ್ದೇ ಆಗಲಿಲ್ಲ.

ವಿಕಾಸ ತಿರುಗಿ ಬಂದ. ಅವಳನ್ನು ನೋಡಲಿಲ್ಲ, ಅವಳ ಪಕ್ಕದ ಚೌಕಟ್ಟನ್ನು ನೋಡಿದ.

"ಲಿಫ್ಟ್ ತುಂಬಿತ್ತು," ಎಂದ.

ಕೆಳಗೆ ಬೂಟಿನ ಸದ್ದು ನಿಂತಿತ್ತು. ಅವಳು ಅವನ ತೋಳಿನ ಮೇಲೆ ಕೈ ಇಟ್ಟಳು, ಸವರಿದಳು.

"ಹೌದಪಾ," ಎಂದಳು ರಂಗೂಬಾಯಿ. "ನಾನೂ ನೋಡಿದ್ನಲ್ಲ. ಇಡೀ ವಿಶ್ರಾಂತವಾಡಿ ಅದರಾಗ ನಿಂತಿತ್ತು. ಸಾಸಿವಿ ಒಗದ್ರ ಕೆಳಗ ಬೀಳ್ತಿದ್ದಿಲ್ಲ."